ಬೀಸಣಿಗೆ ಹಿಡಿದ ನಾಯಕ

ಪಾಳೇಗಾರ ಗಾದ್ರಿನಾಯಕನಿಗೆ ಪದ್ಯ ಬರೆಯುವ ಹುಚ್ಚು ಹತ್ತಿತ್ತು. ತನ್ನ ಕುದುರೆಯ ಬಗ್ಗೆ ಬರೆದ ಪದ್ಯವನ್ನು ದಿನಾ ಓದುತ್ತಿದ್ದ. ಇಡೀ ಚಾವಡಿ "ಭೇಷ್" ಅನ್ನಲೇಬೇಕು. ಬೀಸಣಿಗೆ ಬೀಸುವ ಆಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ಏನೋ, ನನ್ನ ಪದ್ಯಕ್ಕೆ ಏನು ಕೊರತೆ? ಹೇಳಿಕೊಡು. ಇಲ್ಲಾ, ನಾಲಿಗೆ ಕೀಳಿಸ್ತೀನಿ."

"ಬರೆಯೋಕೆ ಮುಂಚೆ ಕೇಳೋದು ಕಲೀಬೇಕು, ಬುದ್ಧೀ. ಪದ್ಯ ನನಗೆ ಬಾಯಿಪಾಠ ಆಗಿದೆ. ನಾನು ಹೇಳ್ತೀನಿ, ತಾವು ಬೀಸ್ತಾ ಕೇಳಿ."

ಆಳು ಬೀಸಣಿಗೆಯನ್ನು ನಾಯಕನ ಕೈಗಿಟ್ಟು, ಗದ್ದಿಗೆಯ ಮೇಲೆ ಕೂತೇಬಿಟ್ಟ. ಸಿಟ್ಟಾಗುವುದನ್ನೂ ಮರೆತ ನಾಯಕ ಬೀಸತೊಡಗಿದ.

ಕುದುರೆಯ ವರ್ಣನೆ ಕಿವಿ, ಬೆನ್ನು ದಾಟಿ ಬಾಲಕ್ಕೆ ಬಂತು. ಆಕಳಿಸುತ್ತಿದ್ದ ನಾಯಕ, "ಸಾಕು, ನಿಲ್ಲಿಸೋ" ಅಂದ.

ಆಳು ಗದ್ದಿಗೆ ಇಳಿದು ಕೈಮುಗಿದ. "ತಾವು ಸಾಕು ಅಂದಲ್ಲಿಗೇ ಪದ್ಯ ಮುಗೀಬೇಕಿತ್ತು, ಬುದ್ಧೀ."

ಚಾವಡಿ, ಯಾರೂ ಹೇಳಿಸದೆ, "ಭೇಷ್" ಅಂದುಬಿಟ್ಟಿತು.