ಎಲ್ಲ ವೇಷವೂ ದೊರೆಗೇ

ಬನ್ರಪ್ಪ, ಬನ್ರವ್ವ, ಕಾಲು ಮಡಚಿ ಒತ್ತಾಗಿ ಕೂತ್ಕೊಳ್ಳಿ. ಮೂಲೆಯಲ್ಲಿ ಪಿಸುಗುಡೋರು ಸ್ವಲ್ಪ ಈಚೆಗೆ ಸರೀರಿ, ನನ್ನ ದನಿ ಅಷ್ಟು ದೂರ ಬರೋದಿಲ್ಲ. ಇವತ್ತು ಹೇಳೋದು ಮುಳ್ಳುಕೋಟೆಯ ದೊರೆ ಭೈರನಾಯಕನ ಕತೆ.

ಭೈರನಾಯಕ ಕೆಟ್ಟವನೇನಲ್ಲ. ಆದರೆ ಎಲ್ಲರ ಕಣ್ಣೂ ತನ್ನ ಮೇಲೇ ಇರಬೇಕು ಅನ್ನೋ ಚಪಲ. ಮದುವೆಗೆ ಹೋದರೆ ಮದುಮಗನಿಗಿಂತ ದೊಡ್ಡ ಬಾಸಿಂಗ ಕಟ್ಟಿಕೊಂಡು ಹೋಗೋನು.

ಒಂದು ಸಲ ಊರಿಗೆ ಬಯಲಾಟದ ಮೇಳ ಬಂತು. ಮೇಳದ ಯಜಮಾನ ಭಾಗವತ ಮಲಿಯಪ್ಪ. ಮುದುಕ, ಕಡ್ಡಿಯಂಥ ಆಳು. ರಕ್ಕಸ ಬಂದಾಗ ಜನ ಸಿಳ್ಳೆ ಹಾಕಿದರು, ರಾಣಿ ಅತ್ತಾಗ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು, ಕೋಡಂಗಿ ಕುಣಿದಾಗ ಬಿದ್ದು ಬಿದ್ದು ನಕ್ಕರು. ಎತ್ತರದ ಪೀಠದ ಮೇಲೆ ಕೂತ ದೊರೆಯ ಕಡೆ ಒಬ್ಬರೂ ತಿರುಗಲಿಲ್ಲ. ಅವನು ಕೆಮ್ಮಿ ನೋಡಿದ. ಊಹೂಂ.

ಬೆಳಗಾಗುತ್ತಲೇ ಮಲಿಯಪ್ಪನನ್ನು ಕರೆಸಿದ.

"ಇದೇ ಆಟ ನಾಡಿದ್ದು ಇನ್ನೊಮ್ಮೆ ಆಗಬೇಕು. ಎಲ್ಲ ವೇಷವೂ ನಮಗೇ."

"ಎಲ್ಲವೂ ಅಂದರೆ, ಬುದ್ಧಿ?"

"ರಾಜ, ರಾಣಿ, ರಕ್ಕಸ, ಕೋಡಂಗಿ. ಕುದುರೆ ಇದ್ದರೆ ಅದೂ."

ಹೊಡೆಯೋಕೆ ಒಬ್ಬ, ಹೊಡೆಸಿಕೊಳ್ಳೋಕೆ ಇನ್ನೊಬ್ಬ ಇದ್ದರೇ ಅಲ್ಲವೇ ಕತೆ ಅಂತ ಮಲಿಯಪ್ಪ ಕೈ ಮುಗಿದ. ದೊರೆಗೆ ರೇಗಿಹೋಯಿತು. ಆಟ ಆಗದಿದ್ದರೆ ಮೇಳದ ವೇಷದ ಪೆಟ್ಟಿಗೆ ಸುಟ್ಟು, ಅಷ್ಟೂ ಜನರನ್ನು ಗಡಿ ದಾಟಿಸಿ ಅಂತ ಅಪ್ಪಣೆ ಮಾಡಿಬಿಟ್ಟ. ಆ ಪೆಟ್ಟಿಗೆ ಅಂದರೆ ಮೇಳದವರ ಅನ್ನ. ಅಜ್ಜಂದಿರ ಕಾಲದ ಕಿರೀಟ, ಮುಖವಾಡ ಎಲ್ಲ ಅದರಲ್ಲೇ.

ಮಲಿಯಪ್ಪ ಅರಮನೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ಸೂರಪ್ಪ ಬಂದ. ಆಸ್ಥಾನದಲ್ಲಿ ಸೂರಪ್ಪನಿಗೆ ಇಂಥದೇ ಕೆಲಸ ಅಂತ ಇರಲಿಲ್ಲ. ದೊರೆ ಮಾಡಿದ ಎಡವಟ್ಟು ಬಿಡಿಸೋದು ಅವನ ಪಾಲು, ಅದಕ್ಕೇ ಅವನಿಗೆ ಪುರುಸೊತ್ತೂ ಇರಲಿಲ್ಲ. ಅವನು ಅಳಬೇಡ ಅನ್ನಲಿಲ್ಲ. ನಿಮ್ಮ ಆಟದ ಕಟ್ಟಳೆ ಏನೇನು ಹೇಳು ಅಂದ.

ಮಲಿಯಪ್ಪ ಹೇಳಿದ. ಬಣ್ಣ ಹಚ್ಚಿದ ಮೇಲೆ ಮಂಗಳ ಹಾಡೋವರೆಗೂ ಯಾರನ್ನೂ ಸ್ವಂತ ಹೆಸರಿನಿಂದ ಕರೆಯಬಾರದು. ಯಾವ ವೇಷವೋ ಅದೇ ಅವರು. ರಕ್ಕಸನ ಮುಖವಾಡದ್ದು ಇನ್ನೂ ಬಿಗಿ. ಒಮ್ಮೆ ಕಟ್ಟಿದರೆ, ರಾಜ ಬಂದು ರಕ್ಕಸನನ್ನು ಕೊಲ್ಲೋವರೆಗೂ ಗಂಟು ಬಿಚ್ಚೋ ಹಾಗಿಲ್ಲ. ಬಿಚ್ಚಿದರೆ ಊರಿಗೆ ಮಾರಿ.

ಸೂರಪ್ಪ ನೇರ ದೊರೆಯ ಹತ್ತಿರ ಹೋದ. ಆಟ ಆಗುತ್ತೆ, ಆದರೆ ಮೇಳದ ಕಟ್ಟಳೆ ಮುರಿದರೆ ಊರಿಗೆ ಮಾರಿ ಬರುತ್ತೆ ಅಂದ. ಮುರಿಯೋದಿಲ್ಲ ಅಂತ ದೊರೆ ಕುಲದೇವರ ಮುಂದೆ ಕರ್ಪೂರ ಹಚ್ಚಿ ಮಾತು ಕೊಟ್ಟ. ಏನು ಕಟ್ಟಳೆ ಅಂತ ಕೇಳೋಷ್ಟು ವ್ಯವಧಾನ ಅವನಿಗೆಲ್ಲಿ?

ಆಟ ಹಗಲಲ್ಲೇ ಇಟ್ಟರು, ದೊರೆ ಚೆನ್ನಾಗಿ ಕಾಣಬೇಕಲ್ಲ. ಕೋಡಂಗಿಯಾಗಿ ಕುಣಿದ. ಕುದುರೆಯಾಗಿ ಕೆನೆದ. ಆಮೇಲೆ ಸೀರೆ ಸುತ್ತಿ, ಮೀಸೆಗೆ ಸೆರಗು ಅಡ್ಡ ಹಿಡಿದು, ರಕ್ಕಸ ಬಂದ ಅಂತ ಚೀರುತ್ತಾ ಪರದೆ ಹಿಂದೆ ಓಡಿದ. ಅಲ್ಲಿ ಮಲಿಯಪ್ಪ ಮುಖವಾಡ ಕಟ್ಟಿದ. ರಕ್ಕಸ ಘರ್ಜಿಸುತ್ತಾ ಬಂದು ರಾಣಿಯನ್ನು ಹುಡುಕಿದ. ರಾಣಿ ಎಲ್ಲಿದ್ದಾಳೆ? ಖಾಲಿ ಸೀರೆಯನ್ನೇ ಹೆಗಲ ಮೇಲೆ ಹಾಕಿಕೊಂಡು, ಗಂಡಸಾದರೆ ರಾಜ ಬರಲಿ ಅಂತ ಗದೆ ಕುಟ್ಟಿದ.

ಯಾರೂ ಬರಲಿಲ್ಲ. ಮದ್ದಳೆಯವನು ಬಾರಿಸಿ ಬಾರಿಸಿ ಸುಸ್ತಾದ.

ರಕ್ಕಸ ಮೆಲ್ಲಗೆ ಪರದೆ ಹತ್ತಿರ ಸರಿದು, ಇದನ್ನು ಬಿಚ್ಚು, ನಾನೇ ರಾಜನಾಗಿ ಬರ್ತೀನಿ ಅಂದ. ಸೂರಪ್ಪ ಹೌಹಾರಿದವನ ಹಾಗೆ ಎದೆ ಮೇಲೆ ಕೈ ಇಟ್ಟುಕೊಂಡ.

"ನೀನು ಸಾಯದೆ ಗಂಟು ಬಿಚ್ಚಿದರೆ ಊರಿಗೆ ಮಾರಿ ಬರುತ್ತೆ, ರಕ್ಕಸಪ್ಪ."

"ಹಾಗಾದರೆ ಯಾರಾದರೂ ಬಂದು ಕೊಲ್ಲಿ."

"ರಾಜನೇ ಕೊಲ್ಲಬೇಕು. ರಾಜನ ವೇಷ ನಮ್ಮ ದೊರೆಗೆ ಮೀಸಲು. ಅವರು ಎಲ್ಲಿ ಹೋದರೋ, ಬೆಳಗಿಂದ ಕಾಣ್ತಿಲ್ಲ."

ಹಸಿವು ತಡೆಯದೆ ರಕ್ಕಸ ಅರಮನೆಗೆ ಹೋದ. ದೊರೆಯ ಹೆಂಡತಿ ಚೆನ್ನಾಜಮ್ಮ, ಯಜಮಾನರು ಮನೆಯಲ್ಲಿಲ್ಲದಾಗ ರಕ್ಕಸರಿಗೆ ಬಾಗಿಲು ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ ಅಂತ ಹೇಳಿಕಳಿಸಿದಳು. ಅಡುಗೆಯವರು ಮರ್ಯಾದೆಯಿಂದ ಒಂದು ಬಂಡಿ ಅನ್ನ ಹೊಡೆದುಕೊಂಡು ಬಂದರು, ಆದರೆ ಮುಖವಾಡದ ಬಾಯಿಯಲ್ಲಿ ಅಗುಳೂ ಹೋಗದು. ಕಾವಲಿನವನು ಬಂದು, ರಕ್ಕಸರು ಊರೊಳಗೆ ಮಲಗಬಹುದೋ ಬಾರದೋ, ದೊರೆ ಸಿಕ್ಕಿದರೆ ಕೇಳಿ ಹೇಳ್ತೀನಿ, ಅಲ್ಲೀವರೆಗೂ ಹೊರಗಿರು ಅಂದ.

ರಕ್ಕಸ ಸೂರಪ್ಪನ ಎರಡೂ ಕೈ ಹಿಡಿದುಕೊಂಡ. "ರಾಜನ ವೇಷ ಬಿಟ್ಟುಕೊಟ್ಟೆ ಕಣಪ್ಪ. ಯಾರಿಗಾದರೂ ಕೊಡು."

ಮಲಿಯಪ್ಪ ಕಿರೀಟ ಇಟ್ಟುಕೊಂಡು ಬಂದ. ಅದು ಮೂಗಿನವರೆಗೆ ಜಾರಿತು. ರಕ್ಕಸ ಓಡಿಬಂದು ಕುತ್ತಿಗೆ ಚಾಚಿದ. ರಾಜನಿಗೆ ಅವಸರವಿರಲಿಲ್ಲ. ದೊರೆಯ ಪೀಠದ ಮೇಲೆ ಆರಾಮಾಗಿ ಕೂತ.

"ಮೊದಲು ರಾಜ್ಯದ ಕೆಲಸ. ಯಾರೋ ಮಲಿಯಪ್ಪ ಅಂತ ಇದ್ದಾನಂತೆ. ಬಲು ಒಳ್ಳೆಯವನು ಅಂತ ಕೇಳಿದ್ದೇವೆ. ಅವನ ಪೆಟ್ಟಿಗೆ ಸುಡಬಾರದು, ಅವನ ಮೇಳವನ್ನು ಓಡಿಸಬಾರದು. ಇದು ರಾಜಾಜ್ಞೆ. ರಕ್ಕಸರದೇನಾದರೂ ತಕರಾರು ಇದೆಯೋ?"

"ಇಲ್ಲ ಮಹಾಸ್ವಾಮಿ. ಬೇಗ ಕೊಲ್ಲಿ."

ಮಲಿಯಪ್ಪ ಮರದ ಕತ್ತಿಯಿಂದ ಮೆತ್ತಗೆ ತಟ್ಟಿದ. ರಕ್ಕಸ ಎಷ್ಟು ಸಂತೋಷದಿಂದ ಸತ್ತ ಅಂದರೆ, ಅಂಥ ಸಾವು ಆ ಊರವರು ಕಂಡೇ ಇರಲಿಲ್ಲ. ಗಂಟು ಬಿಚ್ಚಿದರು, ಮಂಗಳ ಹಾಡಿದರು.

ಭೈರನಾಯಕ ಬೆವರು ಒರೆಸಿಕೊಂಡು, ಮುಂದಿನ ಆಟದಲ್ಲಿ ನಮಗೆ ಯಾವ ವೇಷ ಉಳೀತು ಅಂತ ಕೇಳಿದ.

"ಎಲ್ಲಕ್ಕಿಂತ ಕಷ್ಟದ್ದು, ಮಹಾಪ್ರಭು," ಅಂದ ಸೂರಪ್ಪ. "ಚಾಪೆ ಮೇಲೆ ಕೂತು ಬೇರೆಯವರನ್ನು ನೋಡೋದು. ಅದಿಲ್ಲದೆ ಯಾವ ಕತೆಯೂ ನಡೆಯೋದಿಲ್ಲ. ಕುದುರೆಯ ವೇಷವನ್ನೂ ಬಿಡದ ತಾವು ಅದೊಂದನ್ನು ಮರೆತುಬಿಟ್ಟಿರಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಹೆಗಲ ಶಾಲು ತೆಗೆದು ಸೂರಪ್ಪನಿಗೆ ಹೊದಿಸಿದ.

ಆಮೇಲೆ ಏನಾಯಿತು ಅಂತೀರಾ? ಬಂಡಿ ಅನ್ನವನ್ನು ಊರವರೆಲ್ಲ ಕೂತು ಉಂಡರು. ಮಲಿಯಪ್ಪ ಅದೇ ಪೆಟ್ಟಿಗೆ ಹೊತ್ತು ಊರೂರು ಆಡಿಕೊಂಡು ತುಂಬು ಆಯುಷ್ಯ ಬದುಕಿದ. ಶಾಲು ಹೊದ್ದು ಮಲಗಿದ ಸೂರಪ್ಪನನ್ನು ಮಾರನೇ ದಿನ ಮಧ್ಯಾಹ್ನದೊಳಗೆ ಇನ್ನೊಂದು ಎಡವಟ್ಟಿಗೆ ಎಬ್ಬಿಸಿದರು. ದೊರೆ ಚಾಪೆ ಮೇಲೆ ಕೂರೋದು ಕಲಿತ, ಆದರೆ ರಾಣಿ ಅಳೋ ಮೊದಲೇ ಅತ್ತುಬಿಟ್ಟು ಕೋಡಂಗಿಯಿಂದ ಬೈಸಿಕೊಂಡ. ಚೆನ್ನಾಜಮ್ಮ ಮೇಳದವರಿಂದ ಒಂದು ಮರದ ಕತ್ತಿ ಇಸಕೊಂಡಳು. ಗಂಡ ಮನೆಯಲ್ಲಿ ದನಿ ಏರಿಸಿದಾಗ ಅದನ್ನು ತಂದು ಸುಮ್ಮನೆ ಅವನೆದುರು ಗೋಡೆಗೆ ಒರಗಿಸೋಳು, ಅಷ್ಟೇ.