ಚಳಿಜ್ವರದ ಓಲೆಗೆ ಬಿದ್ದ ಬೀಗ

ಹೊನ್ನಗದ್ದೆ ಸಂಸ್ಥಾನದಲ್ಲಿ ಚಂದ್ರಾಜಮ್ಮಣ್ಣಿಯವರ ಮನೆತನ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಇದ್ದರೆ ಅದು ಅವರದೇ ತಪ್ಪು. ಅರಮನೆಯ ಕಟ್ಟಡಗಳಿಗೆಲ್ಲ ಸಂಜೆ ಹೊರಬೀಗ ಹಾಕಿ ಬೆಳಗ್ಗೆ ತೆಗೆಯುವ ಹಕ್ಕು ಏಳು ತಲೆಮಾರಿನಿಂದ ಅವರದು. ಉಗ್ರಾಣದ ಒಂದು ಹರಳು ಉಪ್ಪು ಅವರ ಸೆರಗಿಗೆ ಅಂಟಿ ಮನೆಗೆ ಹೋದದ್ದಿಲ್ಲ. ಅಮ್ಮಣ್ಣಿಯವರು ದರ್ಬಾರಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೆ ಕಂಬಗಳೇ ಸ್ವಲ್ಪ ಸೊಟ್ಟಗೆ ಕಾಣುತ್ತಿದ್ದವು.

ಊರಿಗೆ ಚಳಿಜ್ವರ ಅಂಟಿಕೊಂಡಿತ್ತು. ದೊರೆಗಳು ಪ್ರಜೆಗಳ ಕಂದಾಯದಿಂದ ಔಷಧಿ ತೋಟ ಮಾಡಿಸಿ, ವೈದ್ಯ ತಮ್ಮಯ್ಯ ಪಂಡಿತರನ್ನು ಅಲ್ಲಿ ಕೂರಿಸಿದರು. ಪಂಡಿತರು ವರ್ಷಗಟ್ಟಲೆ ಬೇರು ಅರೆದು, ಕೊನೆಗೆ ಕಷಾಯ ಕಂಡುಹಿಡಿದು ಓಲೆಗರಿಯಲ್ಲಿ ಬರೆದರು. ಓಲೆ ಅರಮನೆಯ ಗ್ರಂಥಭಂಡಾರ ಸೇರಿದರೇ ವೈದ್ಯನಿಗೆ ಮರ್ಯಾದೆ. ಸೇರಿತು. ಭಂಡಾರದ ತ್ರಿವಿಕ್ರಮಯ್ಯ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಓದಲು ಬಂದವರು ಒಂದು ವರಹ ಕೊಡಬೇಕು ಎಂದ.

ಅಮ್ಮಣ್ಣಿಯವರ ಅಡುಗೆಯ ನಿಂಗವ್ವನ ಮಗಳು ಮೂರು ಕಂಬಳಿ ಹೊದ್ದರೂ ನಡುಗುತ್ತಿದ್ದಳು. ಅಮ್ಮಣ್ಣಿಯವರು ಪಂಡಿತರನ್ನು ಕರೆಸಿದರು.

"ಕಷಾಯ ಮಾಡಿಕೊಡಿ."

"ಓಲೆಯಲ್ಲಿದ್ದದ್ದನ್ನು ಹೊರಗೆ ಬಳಸುವುದಿಲ್ಲ ಅಂತ ಭಂಡಾರದವರು ಆಣೆ ಮಾಡಿಸಿಕೊಂಡಿದ್ದಾರೆ, ಅಮ್ಮಣ್ಣಿ. ಅಳತೆ ನೋಡಿಕೊಳ್ಳಲು ಹೋದರೆ ನನ್ನನ್ನೇ ವರಹ ಕೇಳಿದರು."

"ನೀವು ಬರೆದದ್ದನ್ನು ನೀವು ಓದುವುದಕ್ಕೆ?"

"ಬರೆದವರಿಗೆ ಸ್ವಲ್ಪ ರಿಯಾಯಿತಿ ಇದೆಯಂತೆ."

ಮರುದಿನ ದರ್ಬಾರಿನಲ್ಲಿ ಅಮ್ಮಣ್ಣಿಯವರು ಓಲೆಯನ್ನು ಎಲ್ಲರಿಗೂ ಬಿಡಬೇಕೆಂದು ಕೇಳಿದರು.

ತ್ರಿವಿಕ್ರಮಯ್ಯ ನಕ್ಕ. "ಓಲೆ ಕತ್ತರಿಸಿದವನು ನಾನು, ದಾರ ಪೋಣಿಸಿದವನು ನಾನು, ಬೀಗ ಹಾಕಿದವನು ನಾನು. ಬೀಗ ಯಾರದೋ, ಒಳಗಿನ ಸೊತ್ತೂ ಅವರದೇ. ಪುಕ್ಕಟೆ ಬೇಕು ಅನ್ನುವವರು ಕಳ್ಳರು. ಬೀಗದಕೈ ಹಿಡಿದ ಮನೆತನಕ್ಕೆ ಆ ಅಭ್ಯಾಸ ಇದ್ದರೂ ಇರಬಹುದು."

ಅಮ್ಮಣ್ಣಿಯವರು ರೆಪ್ಪೆ ಕೂಡ ಅಲುಗಿಸಲಿಲ್ಲ.

"ಬೀಗ ಯಾರದೋ, ಸೊತ್ತೂ ಅವರದೇ. ಇದು ಭಂಡಾರದ ಪದ್ಧತಿಯೋ?"

"ಹೌದು, ತಾಯಿ. ಮುತ್ತಾತನ ಕಾಲದ್ದು."

ದೊರೆಗಳು ಮೀಸೆ ತುರಿಸಿಕೊಂಡು, "ಪದ್ಧತಿ ಅಂದಮೇಲೆ..." ಎಂದು ಮಾತು ನುಂಗಿದರು.

ಹೊರಬೀಗ ಹಾಕುವ ಮುಂಚೆ ಗಂಟೆ ಹೊಡೆಯುವುದು ಅಮ್ಮಣ್ಣಿಯವರ ಮನೆತನದ ರೂಢಿ. ಗಂಟೆಗೆ ಎಲ್ಲರೂ ಹೊರಗೆ ಬರುತ್ತಿದ್ದರು, ತ್ರಿವಿಕ್ರಮಯ್ಯನೊಬ್ಬನನ್ನು ಬಿಟ್ಟು. ದೊಡ್ಡ ಮನುಷ್ಯ, ಅವನಿಗಾಗಿ ದಿನವೂ ಕಾಯುತ್ತಿದ್ದರು. ಅಂದೂ ಅಮ್ಮಣ್ಣಿಯವರು ಗಂಟೆ ಹೊಡೆದರು. ಅವನು ಬರಲಿಲ್ಲ. ಅಮ್ಮಣ್ಣಿಯವರು ಕಾಯಲಿಲ್ಲ, ಭಂಡಾರಕ್ಕೆ ಬೀಗ ಹಾಕಿ ಊಟಕ್ಕೆ ಹೋದರು.

ಬೆಳಗಾದರೂ ಬೀಗ ತೆಗೆಯಲಿಲ್ಲ. ಕಿಟಕಿಯಿಂದ ಬಂದ ಕೂಗಿಗೆ ದೊರೆಗಳೇ ಓಡಿಬಂದರು.

"ಏನಮ್ಮಣ್ಣಿ ಇದು?"

"ಭಂಡಾರ ಈಗ ನಮ್ಮದು, ಪ್ರಭು. ಪೆಟ್ಟಿಗೆ ನಮ್ಮದು, ಓಲೆ ನಮ್ಮದು, ತ್ರಿವಿಕ್ರಮಯ್ಯನವರೂ ನಮ್ಮವರು. ಅವರನ್ನು ನೋಡಲು ಒಂದು ವರಹ ಇಟ್ಟಿದ್ದೆ. ಅವರ ಮನೆಯವರೇ ಬಂದು, ಮೊತ್ತ ಕೇಳಿ, ವಾಪಸು ಹೋದರು."

"ಇದು ಅನ್ಯಾಯ," ಒಳಗಿನಿಂದ ದನಿ ಬಂತು. "ಬೀಗ ಹಾಕಿದ ಮಾತ್ರಕ್ಕೆ ಭಂಡಾರ ನಿಮ್ಮದಾಗುವುದು ಹೇಗೆ? ಪ್ರಜೆಗಳ ದುಡ್ಡಿನಲ್ಲಿ ಕಟ್ಟಿದ್ದು."

"ಇನ್ನೊಂದು ಸಲ ಹೇಳಿ. ಪ್ರಭುಗಳ ಕಿವಿಗೆ ಬೀಳಲಿ."

ತ್ರಿವಿಕ್ರಮಯ್ಯ ಒಳಗಿನಿಂದ ಕಿಟಕಿಯ ಬಾಗಿಲು ಎಳೆದುಕೊಂಡ.

"ಹಾಗಾದರೆ ನಿಮ್ಮ ಪದ್ಧತಿಯೇ ಇರಲಿ," ಅಮ್ಮಣ್ಣಿಯವರು ದೊರೆಗಳ ಕಡೆ ತಿರುಗಿದರು. "ಆದರೆ ಪ್ರಭು, ಅರಮನೆಗೂ ನಾವೇ ಬೀಗ ಹಾಕುವವರು. ಏಳು ತಲೆಮಾರಿನಿಂದ ತಾವು ನಮ್ಮ ಮನೆಯಲ್ಲಿದ್ದೀರಿ. ಇಷ್ಟು ದಿನ ಹೇಳಲಿಲ್ಲ, ಸಂಕೋಚ."

ದೊರೆಗಳು ನಕ್ಕರು, ನಕ್ಕು ನಕ್ಕು ಕಿರೀಟ ಕಿವಿಗೆ ಜಾರಿತು. "ಬೀಗ ತೆಗೆಯಿರಿ. ಪಂಡಿತರ ಆಣೆ ರದ್ದು. ಓಲೆಯನ್ನು ಇವತ್ತೇ ಸಂತೆ ಕಟ್ಟೆಯಲ್ಲಿ ಓದಿಸಿ. ಬೇಕಾದವರು ಬರೆದುಕೊಳ್ಳಲಿ. ಕಂದಾಯದ ಹಣದಲ್ಲಿ ಕಂಡ ಮದ್ದು ಕಂದಾಯ ಕಟ್ಟಿದವರದು."

ವಾರದೊಳಗೆ ನಿಂಗವ್ವನ ಮಗಳು ಕಂಬಳಿ ಒದ್ದು ಎದ್ದು ಮಜ್ಜಿಗೆ ಅನ್ನ ಕೇಳಿದಳು.

ದೊರೆಗಳು ದರ್ಬಾರಿನಲ್ಲಿ ಮುತ್ತಿನ ಹಾರ ತರಿಸಿದರು. ಅಮ್ಮಣ್ಣಿಯವರು ಅದರತ್ತ ನೋಡಲೂ ಇಲ್ಲ.

"ಹಾರ ಬೇಡ, ಪ್ರಭು. ನಮ್ಮ ಮನೆತನವನ್ನು ಇದೇ ಜಾಗದಲ್ಲಿ ಕಳ್ಳರು ಅಂದಿದ್ದಾರೆ. ತ್ರಿವಿಕ್ರಮಯ್ಯನವರು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಕ್ಷಮೆ ಕೇಳಬೇಕು."