ಮೂರನೆಯ ಪುಟದ ಸಾಲು

“ಗುರುಗಳೇ, ನಮ್ಮ ನರ್ಸಿಂಗ್ ಹುಡುಗಿಯರಿಗೆ ವಿಷಯ ಗೊತ್ತು, ಪರೀಕ್ಷೆಯಲ್ಲಿ ಬರೆಯಲು ಬಾರದು. ಪುಟ ತುಂಬಿಸುವ ಉಪಾಯ ಕಲಿಸಿದರೆ ಪಾಸಾಗುತ್ತಾರೆ. ಕಲಿಸಲೇ?” ಎಂದು ಹೊಸದಾಗಿ ಪಾಠ ಹೇಳಲು ಸೇರಿದ್ದ ಲೀಲಾಕ್ಷಿ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೇಷ್ಟ್ರಿದ್ದ. ನರ್ಸಿಂಗ್ ಹುಡುಗಿಯರಿಗೆ ವಿಜ್ಞಾನದ ಉತ್ತರ ಬರೆಯುವುದನ್ನು ಕಲಿಸುವುದು ಅವನ ಕಸುಬು. ಪರೀಕ್ಷಕರ ತಕ್ಕಡಿ ಎಂಥದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಕಾಳಿಗೂ ಹೊಟ್ಟಿಗೂ ಒಂದೇ ಬೆಲೆ. ಆದ್ದರಿಂದ ಮೊದಲು ವ್ಯಾಖ್ಯೆ, ಆಮೇಲೆ ಕಾರಣ, ಲಕ್ಷಣ, ವಿಶೇಷ ಸೂಚನೆ, ಕಡೆಗೆ ಉಪಸಂಹಾರ. ಮೂರು ಪುಟಕ್ಕೆ ಕಡಿಮೆಯಿಲ್ಲ.

ಒಬ್ಬ ಹುಡುಗಿ ಎರಡೇ ಸಾಲು ಬರೆದು ತಂದಳು. ಎರಡೂ ಸರಿಯಾಗಿದ್ದವು.

“ಏನಮ್ಮಾ ಇದು, ತಂತಿ ಕಳಿಸ್ತಿದ್ದೀಯಾ?”

“ರೋಗಿಗೆ ಬೇಕಾದ್ದು ಇಷ್ಟೇ ಅಲ್ವಾ ಸಾರ್?”

“ರೋಗಿ ಬಂದು ಮಾರ್ಕ್ಸ್ ಹಾಕ್ತಾನೇನಮ್ಮಾ?”

ತರಗತಿ ನಕ್ಕಿತು. ಮೇಷ್ಟ್ರು ಇಪ್ಪತ್ತಕ್ಕೆ ನಾಲ್ಕು ಹಾಕಿದ. ಹುಡುಗಿ ಜಾಣೆ, ಒಂದೇ ಪೆಟ್ಟಿಗೆ ದಾರಿಗೆ ಬಂದಳು. ವರ್ಷದ ಕೊನೆಗೆ ಅವಳೇ ಮೊದಲಿಗಳು. ಅವಳ ಉತ್ತರಪತ್ರಿಕೆಯನ್ನು ಮೇಷ್ಟ್ರು ಉಳಿದವರು ನೋಡಲೆಂದು ಗೋಡೆಗೆ ಅಂಟಿಸಿದ.

ಕೆಲವು ವರ್ಷಗಳ ಮೇಲೆ ಮೇಷ್ಟ್ರ ಹೆಂಡತಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ವಾರ್ಡಿನಲ್ಲಿ ಅದೇ ಹುಡುಗಿ ನರ್ಸಾಗಿದ್ದಳು. ನಮ್ಮವಳೇ ಇದ್ದಾಳೆ, ಇನ್ನೇನು ಭಯ ಎಂದುಕೊಂಡ ಮೇಷ್ಟ್ರು.

ಬೆಳಿಗ್ಗೆ ಅವಳು ಇಂಜೆಕ್ಷನ್ನಿನ ಒಂದು ತೊಟ್ಟನ್ನು ಚರ್ಮಕ್ಕೆ ಕೊಟ್ಟು ಪರೀಕ್ಷಿಸಿದಳು. ತೋಳು ಕೆಂಪಗೆ ದದ್ದರಿಸಿತು. ಆ ಮದ್ದು ಆಕೆಗೆ ಒಗ್ಗದು. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ಹುಡುಗಿ ಎಲ್ಲವನ್ನೂ ವಾರ್ಡಿನ ವರದಿಯಲ್ಲಿ ಬರೆದಿಟ್ಟು, ಪಾಳಿ ಮುಗಿದೊಡನೆ ಮನೆಗೆ ಹೋದಳು.

ಮಧ್ಯಾಹ್ನದ ಪಾಳಿಯವಳಿಗೆ ನಲವತ್ತು ಹಾಸಿಗೆ. ವರದಿ ತೆರೆದಳು. ನ್ಯುಮೋನಿಯಾ ಎಂದರೇನು ಎಂದಿತ್ತು. ಅದು ಅವಳಿಗೆ ಗೊತ್ತಿತ್ತು. ಮುಚ್ಚಿಟ್ಟು ಇಂಜೆಕ್ಷನ್ ಕೊಟ್ಟಳು. ಕಾಲು ಗಂಟೆಯೊಳಗೆ ಉಸಿರು ನಿಂತಿತು.

ಸುದ್ದಿ ಕೇಳಿ ಹುಡುಗಿ ಓಡಿ ಬಂದಳು. ಮೇಷ್ಟ್ರ ಕೈಯಲ್ಲಿ ವರದಿಯಿತ್ತು.

“ನಾನು ಬರೆದಿದ್ದೆ ಸಾರ್,” ಎಂದಳು. “ಮೂರನೇ ಪುಟದಲ್ಲಿ, ವಿಶೇಷ ಸೂಚನೆ ಅಂತ. ಉಪಸಂಹಾರಕ್ಕೆ ಮುಂಚೆ.”

ಮೇಷ್ಟ್ರು ಪುಟ ತಿರುಗಿಸಿದ. ಸಾಲು ಅಲ್ಲೇ ಇತ್ತು. ಅಕ್ಷರ ಮುತ್ತಿನಂತಿತ್ತು.

“ಅವಳಿಗೆ ಮೇಷ್ಟ್ರು ಏನೂ ಅನ್ನಲಿಲ್ಲವೇ?” ಎಂದು ಕೇಳಿದಳು ಲೀಲಾಕ್ಷಿ.

“ಏನೆಂದಾನು? ತರಗತಿಯಲ್ಲಾಗಿದ್ದರೆ ಆ ವರದಿಗೆ ಅವನೇ ಇಪ್ಪತ್ತಕ್ಕೆ ಹತ್ತೊಂಬತ್ತು ಹಾಕುತ್ತಿದ್ದ.”